ಮೆತ್ತಣ್ಣ ಪೋಕರ್ ಮೇಜು ಆರಿಸಿದ ಬಗೆ

ಮೆತ್ತಣ್ಣನ ಕುಷನ್ ಅಂಗಡಿಗೂ ನನ್ನ ಸೈಕಲ್ ರಿಪೇರಿ ಅಂಗಡಿಗೂ ನಡುವೆ ಇರುವುದು ಒಂದು ತಗಡಿನ ಗೋಡೆ. ಅವನು ಆ ಕಡೆ ಸೀನಿದರೆ ಈ ಕಡೆ ನಾನು ಅಂಟಿಸಿದ ಪಂಕ್ಚರ್ ಏಳುತ್ತದೆ. ಹಾಗಾಗಿ ಅವನ ವಿಷಯ ನನ್ನಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ಅವನ ಹೆಂಡತಿಗೆ ಇನ್ನೂ ಜಾಸ್ತಿ ಗೊತ್ತಿರಬಹುದು, ಆದರೆ ಆಕೆಗೆ ಬರೆಯುತ್ತಾ ಕೂರುವಷ್ಟು ಪುರುಸೊತ್ತಿಲ್ಲ.

ಅವನ ಕಸುಬು ಬಸ್ಸಿನ ಸೀಟು ಹೊಲಿಯುವುದು. ಹರಿದ ರೆಕ್ಸಿನ್ ಕಿತ್ತು, ಕುಸಿದ ಫೋಮ್ ತೆಗೆದು, ಹೊಸದು ತುಂಬಿ, ಅಂಚು ಹೊಲಿದು, ನಡುನಡುವೆ ಗುಂಡಿ ಕೂರಿಸಿ ಕೊಡುತ್ತಾನೆ. ಹೊಲಿದ ಮೇಲೆ ಪ್ರತಿಯೊಂದು ಸೀಟಿನ ಮೇಲೂ ತಾನೇ ಕೂತು, ಕಣ್ಣು ಮುಚ್ಚಿ, ಆ ಬದಿ ಈ ಬದಿ ಹೊರಳಿ, "ಹೂಂ" ಅಂದ ಮೇಲೆಯೇ ಅದು ಅಂಗಡಿ ದಾಟಬೇಕು. ಅವನು ಹೊಲಿದ ಸೀಟಿನಲ್ಲಿ ಕೂತವರು ಇಳಿಯುವ ಜಾಗ ಬಂದರೂ ಇಳಿಯುತ್ತಿರಲಿಲ್ಲ. ಮದುವೆಗೆಂದು ಹೊರಟ ಒಬ್ಬ ಮದುಮಗ ಅದರಲ್ಲಿ ನಿದ್ದೆಹೋಗಿ, ಕಡೇ ಸ್ಟಾಪಿಗೆ ಹೋಗಿ, ವಾಪಸ್ಸು ಬಂದು, ಮತ್ತೆ ಹೋಗಿ, ಎಚ್ಚರವಾಗುವಷ್ಟರಲ್ಲಿ ಹುಡುಗಿಗೆ ಬೇರೆ ಕಡೆ ಮದುವೆಯಾಗಿ ಎರಡು ಮಕ್ಕಳಾಗಿದ್ದವು. ನಂಬದವರು ಆ ಮಕ್ಕಳನ್ನೇ ಕೇಳಬಹುದು.

ಬಿರುಸು ಎನ್ನುವುದು ಅವನ ಕಣ್ಣಿಗೆ ಬೀಳಬಾರದು. ಮನೆಯ ಮಣೆಗೆ ಮೆತ್ತೆ, ಮಂಚದ ಮೂಲೆಗೆ ಮೆತ್ತೆ, ಬಾಗಿಲ ಚಿಲಕಕ್ಕೂ ಒಂದು ಪುಟ್ಟ ಮೆತ್ತೆ. ಆದ್ದರಿಂದಲೇ ಅವನು ಮೆತ್ತಣ್ಣ. ಅವನ ಅಪ್ಪ ಅಮ್ಮ ಇಟ್ಟ ಹೆಸರು ಪಡಿತರ ಚೀಟಿಯಲ್ಲಿ ಮಾತ್ರ ಇದೆ, ಅಲ್ಲೂ ತಪ್ಪಾಗಿದೆ.

ಅವನಿಗೆ ಒಬ್ಬಳು ಅಕ್ಕ. ಅಕ್ಕನ ಗಂಡ, ಅಂದರೆ ಅವನ ಭಾವ, ನಿವೃತ್ತ ಬಸ್ ಕಂಡಕ್ಟರ್. ಏನು ಗಂಟಲು ಅಂತೀರಿ! ಅವರು ಒಂದು ಸಲ "ಮುಂದೆ ಹೋಗಿ" ಅಂದರೆ ಬಸ್ಸಿನೊಳಗಿನವರಷ್ಟೇ ಅಲ್ಲ, ಮುಂದಿನ ಸ್ಟಾಪಿನಲ್ಲಿ ನಿಂತವರೂ ಎರಡು ಹೆಜ್ಜೆ ಮುಂದೆ ಹೋಗುತ್ತಿದ್ದರು. ಆದರೆ ಆ ಗಂಟಲು ಕೂಡ ಡ್ರೈವರನಿಗೆ ಕೇಳುತ್ತಿರಲಿಲ್ಲ, ಏಕೆಂದರೆ ಆ ಬಸ್ಸಿನ ಇಂಜಿನ್ನು ಅದಕ್ಕಿಂತ ಜೋರು. ಗಂಟೆಯ ಹಗ್ಗ ಯಾವತ್ತೋ ಹರಿದುಹೋಗಿತ್ತು. ಹಾಗಾಗಿ ಅವರು ಬಾಗಿಲ ಪಕ್ಕದ ತಗಡನ್ನು ಕುಟ್ಟುತ್ತಿದ್ದರು. ಒಂದು ಸಲ ಕುಟ್ಟಿದರೆ ನಿಲ್ಲು. ಎರಡು ಸಲ ಕುಟ್ಟಿದರೆ ಹೊರಡು. ಆ ಬಸ್ಸಿನ ಡ್ರೈವರ್ ಕೂಡ ಈಗ ನಿವೃತ್ತ. ಆದರೆ ಇವತ್ತಿಗೂ ಯಾರಾದರೂ ಹತ್ತಿರದಲ್ಲಿ ಏನನ್ನಾದರೂ ಕುಟ್ಟಿದರೆ ಅವನ ಬಲಗಾಲು ನೆಲವನ್ನು ಒತ್ತುತ್ತದೆ. ಒಮ್ಮೆ ನಾನು ಅವನ ಪಕ್ಕದಲ್ಲಿ ಕೂತು ಪೆಡಲಿಗೆ ಸುತ್ತಿಗೆ ಹಾಕುತ್ತಿದ್ದಾಗ ಅವನ ಚಪ್ಪಲಿ ಸವೆದು ತೂತು ಬಿತ್ತು.

ಈ ಮೂವರು ಮತ್ತು ನಾನು ಸೇರಿದರೆ ಪೋಕರ್ ಎಂಬ ಇಸ್ಪೀಟಾಟ. ಡಿಪೋದಲ್ಲಿ ಬಸ್ಸು ಕೆಟ್ಟು ನಿಂತಿದ್ದಾಗ ಒಬ್ಬರು ಟಿಕೆಟ್ ಚೆಕಿಂಗ್ ಸಾಹೇಬರು ಕಂಡಕ್ಟರಿಗೆ ಇದನ್ನು ಕಲಿಸಿದರಂತೆ. ಕಂಡಕ್ಟರಿಂದ ನಮಗೆ ಅಂಟಿತು. ಪಣಕ್ಕೆ ದುಡ್ಡಿಲ್ಲ, ಮೆತ್ತಣ್ಣನ ಅಂಗಡಿಯ ಸೋಫಾ ಗುಂಡಿಗಳು. ಆಟದಲ್ಲಿ ಒಂದು ಅನುಕೂಲವಿದೆ. ನಿಮ್ಮ ಸರದಿ ಬಂದಾಗ, ಮುಂಚಿನವರು ಗುಂಡಿ ಹಾಕಿಲ್ಲದಿದ್ದರೆ, ನಿಮಗೂ ಹಾಕುವ ಮನಸ್ಸಿಲ್ಲದಿದ್ದರೆ, "ಚೆಕ್" ಅನ್ನಬಹುದು, ಇಲ್ಲವೇ ಬೆರಳ ಗೆಣ್ಣಿನಿಂದ ಮೇಜನ್ನು ಒಮ್ಮೆ ಕುಟ್ಟಿ ಸರದಿಯನ್ನು ಪಕ್ಕದವರಿಗೆ ದಾಟಿಸಬಹುದು. ನಾವು ಅಕ್ಕನ ಮನೆಯ ಊಟದ ಮೇಜಿನ ಮೇಲೆ ಆಡುತ್ತಿದ್ದೆವು. ಭಾವ ಕುಟ್ಟುತ್ತಿರಲಿಲ್ಲ, "ಚೆಕ್" ಎಂದು ಕೂಗುತ್ತಿದ್ದರು. ಬೀದಿಯಲ್ಲಿ ಟಿಕೆಟ್ ಇಲ್ಲದೆ ನಡೆಯುತ್ತಿದ್ದವರೆಲ್ಲ ಓಡುತ್ತಿದ್ದರು.

ಹೋದ ವರ್ಷ ಅವರ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಬರುವುದು ಸೈಕಲ್ ಟ್ಯೂಬಿನಿಂದ ಗಾಳಿ ಸೋರಿದ ಹಾಗೆ ಒಂದು ಉಸಿರು ಮಾತ್ರ. ಆಸ್ಪತ್ರೆಯಿಂದ ಬಂದ ಮೇಲೆ ಒಮ್ಮೆ ಆಡಲು ಕೂತೆವು. ಅವರು ಏನೋ ಅಂದರು. ಡ್ರೈವರ್ "ಆಂ?" ಅಂದ. ಮತ್ತೆ ಅಂದರು. ನಾನು "ಆಂ?" ಅಂದೆ. ಮೂರನೇ ಸಲ ನಾವು ಮೂವರೂ ಕಿವಿ ಚಾಚಿ ಅವರ ಮುಖದ ಹತ್ತಿರ ಬಗ್ಗಿದೆವು. ಅವರು ಎಲೆಗಳನ್ನು ಕೆಳಗಿಟ್ಟರು, ಮಲಗುವ ಕೋಣೆಗೆ ಹೋದರು, ಚಿಲಕ ಹಾಕಿಕೊಂಡರು.

ಅಲ್ಲಿಂದಾಚೆ ಯಾರು ಬಂದರೂ ಅವರು ಕೋಣೆಗೆ. ತಮ್ಮನ ಅಂಗಡಿಗೆ ಬಂದು ಅಕ್ಕ ಅತ್ತದ್ದು ತಗಡಿನ ಗೋಡೆಯಾಚೆಯಿಂದ ನನಗೂ ಕೇಳಿತು.

"ನಮ್ಮನೇಲಿ ಬೇಡ ಕಣೋ. ಇಲ್ಲಿ ಓಡಿಹೋಗೋಕೆ ಕೋಣೆ ಇದೆ. ನಿನ್ನ ಮನೇಲಿ ಆಟ ಇಡು. ನಿಂದು ಇರೋದೇ ಒಂದು ಹಾಲು, ಒಂದು ಅಡುಗೆಮನೆ. ಅಡುಗೆಮನೇಲಿ ನಿನ್ನ ಹೆಂಡ್ತಿ ಇರ್ತಾಳೆ, ಅಲ್ಲಿಗೆ ಹೋಗೋ ಧೈರ್ಯ ಯಾರಿಗೂ ಇಲ್ಲ."

"ಭಾವ ಬರ್ತಾರಾ ಅಕ್ಕ?"

"ಎರಡು ದಿನ ಕಾಡಿದ ಮೇಲೆ ಹೂಂ ಅಂದಿದ್ದಾರೆ. ಒಂದೇ ಸಲ ಬಂದು ನೋಡ್ತಾರಂತೆ. ಯಾರಾದ್ರೂ ಒಬ್ಬರು ಅವರ ಮುಖ ನೋಡಿ 'ಆಂ?' ಅಂದರೂ ಎದ್ದು ಬರ್ತಾರಂತೆ. ಆಮೇಲೆ ಇನ್ಯಾವತ್ತೂ ಕರೀಬಾರದಂತೆ."

"ಯಾರೂ ಅನ್ನಲ್ಲ. ಆಣೆ."

"ಆ ಸೈಕಲ್ಲಣ್ಣನ ಬಾಯಿಗೆ ಮೊದಲು ಬೀಗ ಹಾಕು."

ನಾನು ಈ ಕಡೆಯಿಂದ "ಹಾಕಿದೆ" ಅಂದೆ.

ಮೆತ್ತಣ್ಣನ ಮನೆಯಲ್ಲಿ ಮೇಜೇ ಇರಲಿಲ್ಲ. ಅವರು ನೆಲದ ಮೇಲೆ ಕೂತು ಉಣ್ಣುವವರು. ಭಾವನಿಗೆ ಮೊಣಕಾಲು ಮಡಚಿ ಕೂರಲು ಆಗುವುದಿಲ್ಲ. ಹಾಗಾಗಿ, ಬರುವುದು ಒಂದೇ ಸಲವಾದರೂ ಸರಿ, ಒಳ್ಳೆಯ ಪೋಕರ್ ಮೇಜನ್ನೇ ತರುತ್ತೇನೆ ಎಂದು ಮೆತ್ತಣ್ಣ ಹಟ ಹಿಡಿದ. ಮೇಜು ಅಂದರೆ ಮೇಜು, ನಾಲ್ಕು ಕಾಲು, ಮೇಲೊಂದು ಹಲಗೆ, ಅಷ್ಟೇ ಎಂದು ನಾವು ಅಂದುಕೊಂಡಿದ್ದೆವು. ಆಟದ ಸಾಮಾನಿನ ಅಂಗಡಿಗೆ ಹೋಗುವವರೆಗೆ ಹಾಗೆ ಅಂದುಕೊಳ್ಳುವುದು ಸುಲಭ.

ಅಂಗಡಿಯೊಳಗೆ ಕಾಲಿಟ್ಟದ್ದೇ ಮೆತ್ತಣ್ಣ ತನ್ನ ಪದ್ಧತಿಯಂತೆ ಮೊದಲನೇ ಮೇಜನ್ನು ಹತ್ತಿ ಕೂತು, ಕಣ್ಣು ಮುಚ್ಚಿ, ಎಡಕ್ಕೂ ಬಲಕ್ಕೂ ಹೊರಳಿದ.

ಟೈ ಕಟ್ಟಿದ ಸೇಲ್ಸ್‌ಮನ್ ಓಡಿಬಂದ. "ಸರ್, ಸರ್! ಅದು ಟೇಬಲ್ಲು ಸರ್."

"ಗೊತ್ತಪ್ಪ. ಬಿರುಸಾಗಿದೆ."

"ಅದರ ಮೇಲೆ ಕೂರಲ್ಲ ಸರ್. ಅದರ ಸುತ್ತ ಕೂರೋದು."

"ಸುತ್ತ ಕೂತರೆ ಅದು ಹೇಗಿದೆ ಅಂತ ನನಗೆ ಹೇಗೆ ಗೊತ್ತಾಗುತ್ತೆ?"

ಸೇಲ್ಸ್‌ಮನ್ ನನ್ನ ಕಡೆ ನೋಡಿದ. ಬಾಯಿಗೆ ಬೀಗ ಹಾಕಿದ್ದೇನೆ ಎಂದು ಕೈಯಲ್ಲೇ ತೋರಿಸಿದೆ.

"ಎಷ್ಟು ಜನ ಆಡ್ತೀರಿ ಸರ್?"

"ನಾಲ್ಕು ಜನ. ಮಳೆ ಬಂದರೆ ಐದು."

ಅವನು ಆ ಲೆಕ್ಕವನ್ನು ಬಿಡಿಸಲು ಹೋಗಲಿಲ್ಲ. ದುಂಡನೆಯದು, ಮೊಟ್ಟೆಯಾಕಾರದ್ದು, ಎಂಟು ಮೂಲೆಯದು ತೋರಿಸಿದ. ಮಡಿಸುವ ಕಾಲಿನದು, ಮಡಿಸದ ಕಾಲಿನದು. ಎಲೆ ಜಾರುವ ಬಟ್ಟೆಯದು, ಎಲೆ ನಿಲ್ಲುವ ಬಟ್ಟೆಯದು. ಲೋಟ ಇಡುವ ತೂತಿರುವುದು, ತೂತಿಲ್ಲದ್ದು. ಕಾಲಿಲ್ಲದೆ ಬರೀ ಮೇಲ್ಭಾಗವೇ ಇರುವುದೂ ಇತ್ತು, ಇರುವ ಮೇಜಿನ ಮೇಲೆ ಹಾಸಿಕೊಳ್ಳುವುದಂತೆ. ಮೇಜಿಲ್ಲದವನಿಗೆ ಅದನ್ನು ತೋರಿಸಿದರೆ ಏನು ಮಾಡಬೇಕು? ಮೆತ್ತಣ್ಣನ ಮುಖ ಒಂದೊಂದು ಮೇಜಿಗೂ ಒಂದೊಂದು ಆಕಾರ ತಾಳುತ್ತಿತ್ತು. ಎಂಟು ಮೂಲೆಯದರ ಮುಂದೆ ನಿಂತಾಗಲಂತೂ ಅವನ ತಲೆಗೂ ಎಂಟು ಮೂಲೆ ಬಂದದ್ದನ್ನು ನಾನೇ ಕಂಡೆ.

"ನಾಳೆ ಬರ್ತೀನಿ" ಎಂದು ಹೊರಬಿದ್ದ. ಹಾಗೆ ಎಷ್ಟು ನಾಳೆಗಳು ಹೋದವೆಂದರೆ, ಕೊನೆಗೆ ಆ ಸೇಲ್ಸ್‌ಮನ್ ನಮಗೆ ಸ್ಟೂಲು ಹಾಕಿ, ಬೇರೆ ಗಿರಾಕಿಗಳನ್ನು ಮಾತಾಡಿಸಲು ನಮ್ಮನ್ನೇ ಕಳಿಸುತ್ತಿದ್ದ.

ನಡುವೆ ಸಲಹೆಗಳ ಸುರಿಮಳೆ. ಡ್ರೈವರ್ ಮೊಟ್ಟೆಯಾಕಾರದ್ದೇ ಬೇಕೆಂದ.

"ದುಂಡಗಿನದಕ್ಕೆ ಮುಂದೆ ಯಾವುದು, ಹಿಂದೆ ಯಾವುದು? ಡ್ರೈವರ್ ಎಲ್ಲಿ ಕೂರಬೇಕೋ?"

"ಅದು ಓಡಲ್ಲ ಕಣಯ್ಯ" ಎಂದೆ ನಾನು.

"ಓಡದೇ ಇದ್ದರೂ ಒಂದು ಮರ್ಯಾದೆ ಬೇಡ್ವಾ?"

ನಾನು ಎಂಟು ಮೂಲೆಯದರ ಕಡೆ ವಾಲಿದೆ. ತಲೆಗೆ ಎರಡೆರಡು ಮೂಲೆ, ಒಂದರಲ್ಲಿ ಎಲೆ, ಇನ್ನೊಂದರಲ್ಲಿ ಮೊಣಕೈ. ಮೆತ್ತಣ್ಣನ ಹೆಂಡತಿಗೆ ತರಕಾರಿ ಹೆಚ್ಚಲೂ ಇಸ್ತ್ರಿ ಮಾಡಲೂ ಆಗುವಂಥದ್ದು ಬೇಕಿತ್ತು. ತೂತಿರುವುದಂತೂ ಕೂಡದು ಅಂದಳು. "ಮೊದಲೇ ನಿಮ್ಮ ಕೈಗೆ ಕೊಟ್ಟ ಲೋಟ ಎಲ್ಲಿ ಹೋಗುತ್ತೋ ಗೊತ್ತಾಗಲ್ಲ. ಇನ್ನು ಅದಕ್ಕೆ ಅಂತ ತೂತು ಬೇರೆ ತರ್ತೀರಾ?"

ಮೆತ್ತಣ್ಣ ಎಲ್ಲರ ಮಾತಿಗೂ "ಅದೂ ನಿಜವೇ" ಅನ್ನುತ್ತಿದ್ದ. ಅದೇ ಅವನ ರೋಗ. ಮನಸ್ಸಿಗೂ ಫೋಮ್ ತುಂಬಿಕೊಂಡವನು. ಯಾರು ಒತ್ತಿದರೂ ಆ ಆಕಾರಕ್ಕೆ ತಗ್ಗುತ್ತಾನೆ, ಕೈ ತೆಗೆದರೆ ಮತ್ತೆ ಮೊದಲಿನ ಹಾಗೆ.

ಕೊನೆಗೆ ಕಸುಬಿನ ದಾರಿ ಹಿಡಿದ. ರೆಕ್ಸಿನ್ ಮೇಲೆ ಗುರುತು ಹಾಕುವ ಸೀಮೆಸುಣ್ಣ ತಂದು, ಅಂಗಡಿಯಲ್ಲಿ ತೆಗೆದುಕೊಂಡ ಅಳತೆಯಂತೆ ಹಾಲಿನ ನೆಲದ ಮೇಲೆ ಮೇಜುಗಳನ್ನು ಬರೆದ. ಮೊಟ್ಟೆ ಕೆಂಪು ಗೆರೆಯಲ್ಲಿ, ಎಂಟು ಮೂಲೆ ಬಿಳಿಯಲ್ಲಿ, ದುಂಡನೆಯದು ನೀಲಿಯಲ್ಲಿ. ಹಾಲು ಇರುವುದು ಅಂಗೈಯಗಲ, ಒಂದರ ಪಕ್ಕ ಒಂದು ಹಿಡಿಸುವುದಿಲ್ಲ. ಆದ್ದರಿಂದ ಒಂದರ ಮೇಲೊಂದು ಬರೆದ. ನಮ್ಮನ್ನು ಕರೆದು ಗೆರೆಯ ಸುತ್ತ ಕುರ್ಚಿ ಹಾಕಿಸಿದ.

"ಈಗ ಕೂತು ಹೇಳಿ. ಎಲ್ಲಿ ಹಾಯಾಗಿದೆ?"

"ನಾನು ಯಾವುದರಲ್ಲಿ ಕೂತಿದ್ದೀನಿ?" ಎಂದ ಡ್ರೈವರ್.

"ಬಲಗಾಲು ಮೊಟ್ಟೇಲಿದೆ. ಎಡಗಾಲು..." ಮೆತ್ತಣ್ಣ ಬಗ್ಗಿ ನೋಡಿದ. "ತಡಿ, ಅದು ಎಂಟು ಮೂಲೇಲಿದೆ."

"ನಾನು?" ಎಂದೆ.

"ನೀನು ಯಾವ ಮೇಜಲ್ಲೂ ಇಲ್ಲ."

ಒಬ್ಬರ ಗೆರೆ ಒಬ್ಬರು ತುಳಿದು, ಕುರ್ಚಿ ಎಳೆದು, ಕೆಂಪು ನೀಲಿ ಬಿಳಿ ಕಲಸಿ, ಯಾವ ಗೆರೆ ಎಲ್ಲಿ ಶುರುವಾಗಿ ಎಲ್ಲಿಗೆ ಹೋಗುತ್ತದೆ ಎಂಬುದು ಬರೆದವನಿಗೇ ತಿಳಿಯದಾಯಿತು. ಒಂದು ಗೆರೆಯನ್ನು ಹಿಡಿದು ಬೆರಳಾಡಿಸುತ್ತಾ ಹೊರಟ ಮೆತ್ತಣ್ಣ ಹಾಲೆಲ್ಲ ಸುತ್ತಿ, ಹೊಸ್ತಿಲು ದಾಟಿ, ಬೀದಿಯಲ್ಲಿ ಸಿಕ್ಕಿದ. ಅಲ್ಲಿಂದ ಅವನನ್ನು ವಾಪಸ್ಸು ಕರೆತಂದೆವು. ಗೆರೆಗಳ ನಡುವೆ ತಲೆ ಹಿಡಿದುಕೊಂಡು ಕೂತ.

"ಭಾವ ಭಾನುವಾರ ಬರ್ತಾರೆ. ನನಗೆ ಒಂದು ಮೇಜು ಆರಿಸೋಕೆ ಆಗ್ತಿಲ್ಲ. ತಪ್ಪು ಮೇಜು ತಂದು, ಅವರು ಎದ್ದು ಹೋಗಿಬಿಟ್ಟರೆ?"

ಆಗ ನಾವು ಯಾರೂ ನಗಲಿಲ್ಲ.

ಸಮಸ್ಯೆ ಬಗೆಹರಿಸಿದವಳು ಅವನ ಹೆಂಡತಿ. ನಮ್ಮನ್ನೆಲ್ಲ ಹೊರಗಟ್ಟಿ, ಬಕೆಟ್ಟು ತಂದು ನೆಲ ಒರೆಸಿದಳು. ಕೆಂಪು ಹೋಯಿತು, ಬಿಳಿ ಹೋಯಿತು. ನೀಲಿ ಮಾತ್ರ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಅದನ್ನೇ ನೋಡಿದಳು.

"ಇದು ಹೋಗಲ್ಲ. ಇದನ್ನೇ ತಗೊಂಬನ್ನಿ. ಗೆರೆ ಆದರೂ ಮುಚ್ಚಿಹೋಗಲಿ."

ಹೀಗೆ ದುಂಡು ಮೇಜು ಬಂತು. ತೂತಿಲ್ಲದ್ದು, ಮಡಿಸುವ ಕಾಲಿನದು. ಪ್ಲೈವುಡ್ ಹಲಗೆ, ಮೇಲೆ ತೆಳ್ಳಗಿನ ಹಸಿರು ಬಟ್ಟೆ. ಇದ್ದಂತೆ ಬಿಟ್ಟಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮೆತ್ತಣ್ಣ ಅದರ ಮೇಲೆ ಮೊಣಕೈ ಊರಿದ, ಕಣ್ಣು ಮುಚ್ಚಿದ, ಮುಖ ಹುಳ್ಳಗೆ ಮಾಡಿದ.

"ಎಲುಬಿಗೆ ಚುಚ್ಚುತ್ತೆ. ಭಾವ ಈಗ ಕಡ್ಡಿ ಆಗಿದ್ದಾರೆ. ಅವರ ಮೊಣಕೈ ಇದನ್ನ ತಡೆಯಲ್ಲ."

ಎರಡು ದಿನ ತಗಡಿನ ಗೋಡೆಯಾಚೆ ಹೊಲಿಗೆ ಯಂತ್ರ ನಿಲ್ಲಲಿಲ್ಲ. ಅಂಗಡಿಯಲ್ಲಿದ್ದ ಅತಿ ಮೆದು ಫೋಮ್ ತೆಗೆದು, ಅಂಚಿಗಷ್ಟೇ ಅಲ್ಲ, ಮೇಜಿನ ಇಡೀ ಮುಖಕ್ಕೆ ಹಾಸಿ, ಅದರ ಮೇಲೆ ಆ ಹಸಿರು ಬಟ್ಟೆಯನ್ನೇ ಎಳೆದು ಹೊಲಿದಿದ್ದ. ಭಾನುವಾರ ಮಧ್ಯಾಹ್ನ ನೋಡಿದೆ. ಮೇಜಲ್ಲ ಅದು, ಮೋಡ. ಬೆಕ್ಕೊಂದು ಅದರ ನಡುವೆ ಮಲಗಿತ್ತು. ಎಬ್ಬಿಸಲು ಹೋದ ಡ್ರೈವರ್ ಭುಜದವರೆಗೆ ಒಳಗೆ ಹೋದ.

ಭಾವ ಬಂದರು. ಇಸ್ತ್ರಿ ಮಾಡಿದ ಅಂಗಿ, ಕುತ್ತಿಗೆಗೆ ಸುತ್ತಿದ ಮಫ್ಲರು. ಯಾರ ಮುಖವನ್ನೂ ನೋಡದೆ ಬಾಗಿಲಿಗೆ ಹತ್ತಿರದ ಕುರ್ಚಿ ಹಿಡಿದರು. ನಾವು ಮೂವರೂ ತುಟಿ ಬಿಗಿದು ಕೂತೆವು. ಎಲೆ ಹಂಚಿದ್ದಾಯಿತು. ಹಂಚಿದ ಎಲೆ ಜಾರಿ ಮುಂದೆ ಹೋಗಲಿಲ್ಲ. ಬಿದ್ದಲ್ಲೇ ಮೂಗು ಊರಿ ನಿಂತಿತು. ಗುಂಡಿಗಳನ್ನು ಒಂದರ ಮೇಲೊಂದು ಇಟ್ಟರೆ ಕುಡಿದವರ ಹಾಗೆ ತೂರಾಡಿ ಪಕ್ಕದವರ ಮೇಲೆ ಒರಗಿದವು. ಯಾರ ಗುಂಡಿ ಯಾವುದು, ಯಾರ ಎಲೆ ಯಾವುದು, ಒಂದೂ ತಿಳಿಯುತ್ತಿರಲಿಲ್ಲ. ಆದರೂ ಯಾರೂ ಬಾಯಿ ಬಿಡಲಿಲ್ಲ.

ಭಾವನ ಸರದಿ ಬಂತು. ಎಲೆ ನೋಡಿದರು. ಆಮೇಲೆ ಕೈಯೆತ್ತಿ, ಬೆರಳ ಗೆಣ್ಣಿನಿಂದ ಮೇಜನ್ನು ಕುಟ್ಟಿದರು.

ಏನೂ ಕೇಳಲಿಲ್ಲ. ಆ ಕೈ ಮೆತ್ತೆಯೊಳಗೆ ಇಳಿದು, ಹಾಗೇ ಮೇಲೆ ಬಂತು. ನಾನು ನನ್ನ ಎಲೆಗಳ ಹಿಂದೆ ಮುಳುಗಿದ್ದೆ, ಮೆತ್ತಣ್ಣ ಬಿದ್ದ ಗುಂಡಿಗಳನ್ನು ಹೆಕ್ಕುತ್ತಿದ್ದ, ಮುಂದಿನ ಸರದಿಯ ಡ್ರೈವರ್ ಕಾದ. ಎಲ್ಲರೂ ಕಾದೆವು. ಭಾವ ನಮಗಾಗಿ ಕಾದರು. ನಾವು ಭಾವನಿಗಾಗಿ ಕಾದೆವು. ಅವರು ಮತ್ತೆ ಕುಟ್ಟಿದರು, ಈ ಸಲ ಮುಷ್ಟಿಯಿಂದ. ಅವರ ಗುಂಡಿಗಳೆಲ್ಲ ಉರುಳಿ ಡ್ರೈವರನ ತೊಡೆಯ ಮೇಲೆ ಬಿದ್ದವು.

ಗುಂಡಿ ಬಿದ್ದದ್ದಕ್ಕೆ ತಲೆಯೆತ್ತಿದ ಡ್ರೈವರ್ ನೇರ ಭಾವನ ಮುಖ ನೋಡಿ ಅಂದೇಬಿಟ್ಟ: "ಆಂ?"

ಅಂದ ಮರುಕ್ಷಣ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಆದರೆ ಬಾಯಿಂದ ಹೊರಟ ಬಸ್ಸು ಹೊರಟಾಗಿತ್ತು. ಭಾವ ಎಲೆಗಳನ್ನು ಕೆಳಗಿಟ್ಟರು. ಎದ್ದರು.

"ಭಾವ, ಕೂತ್ಕೊಳ್ಳಿ. ಕುರ್ಚಿ ಬಿರುಸಾಗಿದೆಯಾ? ಇನ್ನೊಂದು ಮೆತ್ತೆ ಹಾಕ್ತೀನಿ" ಎಂದು ಮೆತ್ತಣ್ಣ ದಿಂಬು ಹಿಡಿದು ಹಿಂದೆ ಹಿಂದೆ ಓಡಿದ. ಪಾಪ, ಏನು ತಪ್ಪಾಯಿತೆಂದು ಅವನಿಗೆ ಹೊಳೆಯಲೇ ಇಲ್ಲ. ನನಗೂ ಇಲ್ಲ.

ಭಾವ ಚಪ್ಪಲಿಗೆ ಕಾಲು ತೂರಿಸಿದರು. ಅದೇ ಹೊತ್ತಿಗೆ ಹಿತ್ತಲಿಂದ ಸುತ್ತಿಕೊಂಡು, ಚಹದ ತಟ್ಟೆ ಹಿಡಿದು, ಮುಂಬಾಗಿಲಿಂದ ಮೆತ್ತಣ್ಣನ ಹೆಂಡತಿ ಬಂದಳು. ಹಾಲಿನ ನಡುವೆ ಆ ಮೇಜು ಬಂದು ಕೂತ ಮೇಲೆ ಅಡುಗೆಮನೆಯಿಂದ ನೇರ ದಾರಿ ಇರಲಿಲ್ಲ. ಅವಳ ಕಣ್ಣು ಲೋಟಗಳ ಮೇಲೆ. ಇನ್ನೇನು ಇಬ್ಬರೂ ಡಿಕ್ಕಿ ಹೊಡೆಯಬೇಕು, ಭಾವ ಕೈ ಚಾಚಿ ಬಾಗಿಲ ಚೌಕಟ್ಟನ್ನು ಒಂದು ಸಲ ಕುಟ್ಟಿದರು.

ಠಕ್!

ಅವಳು ನಿಂತಳು. ಹಿಂದೆ ಓಡುತ್ತಿದ್ದ ಮೆತ್ತಣ್ಣ ನಿಂತ. ಮೇಜಿನ ಕೆಳಗೆ ಡ್ರೈವರನ ಬಲಗಾಲು ನೆಲವನ್ನು ಹೇಗೆ ಒತ್ತಿತೆಂದರೆ, ಬೀದಿಯಲ್ಲಿ ಹೋಗುತ್ತಿದ್ದ ನಿಜವಾದ ಬಸ್ಸೊಂದು ಗಕ್ಕನೆ ನಿಂತಿತು ಎಂದು ಆಮೇಲೆ ಪಕ್ಕದ ಮನೆಯವರು ಹೇಳಿದರು.

"ಅಯ್ಯೋ, ಕಂಡಕ್ಟರ್ರೇ!" ಡ್ರೈವರ್ ಕೂಗಿದ. "ಅದಾ ನೀವು ಆಗಲೇ ಮಾಡಿದ್ದು? ಕುಟ್ಟಿದ್ರಾ? ಈ ದರಿದ್ರ ಹಾಸಿಗೆ ನುಂಗಿಬಿಡ್ತಲ್ರೀ! ನೀವು ಕುಟ್ಟಿ ನಾನು ಯಾವತ್ತಾದ್ರೂ ನಿಲ್ಲಿಸದೇ ಇದ್ದದ್ದು ಉಂಟಾ?"

ಭಾವ ತಿರುಗಿ ಮೇಜನ್ನು ನೋಡಿದರು. ಆಮೇಲೆ ಮೆತ್ತಣ್ಣನನ್ನು ನೋಡಿದರು. ಮೆತ್ತಣ್ಣ ತನ್ನ ಕೈಯಲ್ಲಿದ್ದ ದಿಂಬನ್ನು ನೋಡಿದ. ಅವನ ಮುಖದಲ್ಲಿ ಅರ್ಥವಾದದ್ದೂ ಅರ್ಥವಾಗದ್ದೂ ಒಂದನ್ನೊಂದು ತಳ್ಳುತ್ತಿದ್ದವು. ಬಿರುಸಾಗಿರಬೇಕಾದದ್ದು ಅಂತ ಲೋಕದಲ್ಲಿ ಒಂದು ಇದೆ ಎಂಬುದು ಅವನಿಗೆ ಅದೇ ಮೊದಲು.

ದಿಂಬು ಎಸೆದು, ಗೋಡೆಯ ಗೂಟಕ್ಕೆ ತೂಗುಹಾಕಿದ್ದ ಫೋಮ್ ಕೊಯ್ಯುವ ಚೂರಿ ತಂದ. ತಾನೇ ಎರಡು ದಿನ ಹೊಲಿದ ಹಸಿರು ಬಟ್ಟೆಗೆ, ಭಾವ ಕೂತಿದ್ದ ಜಾಗದಲ್ಲಿ, ಅದನ್ನು ಇಳಿಸಿದ. ಅವನು ಹೊಲಿದದ್ದನ್ನು ಅವನೇ ಕೊಯ್ದದ್ದು ನಾನು ಅದುವರೆಗೆ ಕಂಡಿರಲಿಲ್ಲ. ಅಂಗೈಯಷ್ಟಗಲದ ಒಂದು ತುಂಡು ಕಿತ್ತು ಬಂತು. ಕೆಳಗೆ ಬರೀ ಪ್ಲೈವುಡ್ ಕಂಡಿತು.

"ಕೂತ್ಕೊಳ್ಳಿ ಭಾವ" ಎಂದ. "ಬಿರುಸಾಗೇ ಇದೆ."

ಭಾವ ಅಲ್ಲೇ ನಿಂತಿದ್ದರು. ಮೆತ್ತಣ್ಣನ ಹೆಂಡತಿ ತಟ್ಟೆ ಹಿಡಿದು ಬಾಗಿಲಲ್ಲೇ ಇದ್ದಳು. "ಅಣ್ಣ, ನೀವು ಒಳಗೆ ಹೋಗದೆ ನಾನು ಒಳಗೆ ಬರೋಕಾಗಲ್ಲ. ಬೇಗ ಹೇಳಿ, ಕೈ ಸುಡ್ತಿದೆ."

ಭಾವ ಚಪ್ಪಲಿ ಬಿಟ್ಟರು. ಬಂದು ಕೂತರು. ಎಲೆಗಳನ್ನು ಮತ್ತೆ ಕೈಗೆತ್ತಿಕೊಂಡು, ಆ ತೂತಿನೊಳಗೆ ಗೆಣ್ಣಿಟ್ಟು ಕುಟ್ಟಿದರು. ಠಕ್. ಡ್ರೈವರನ ಕಾಲು ಒತ್ತಿತು, ಸರದಿ ಅವನಿಗೆ ದಾಟಿತು. ಆ ಸುತ್ತು ಮುಗಿದಾಗ ಭಾವ ಎರಡು ಸಲ ಕುಟ್ಟಿದರು, ಠಕ್ ಠಕ್. ಅಂದರೆ ರೈಟ್, ಹೊರಡು, ಮುಂದಿನ ಎಲೆ ತೆಗೆ. ಆಟದ ನಿಯಮದಲ್ಲಿ ಅದು ಇಲ್ಲ. ಆದರೆ ನಾಲ್ವರಲ್ಲಿ ಒಬ್ಬನಿಗೂ ಗೊಂದಲವಾಗಲಿಲ್ಲ.

ಅರ್ಧ ಗಂಟೆಯೊಳಗೆ ಡ್ರೈವರನಿಗೂ ಒಂದು ತೂತು ಬೇಕಾಯಿತು, ಆಮೇಲೆ ನನಗೆ. ಮೆತ್ತಣ್ಣ ತನಗೆ ಮಾತ್ರ ಕೊಯ್ದುಕೊಳ್ಳಲಿಲ್ಲ. ಈಗಲೂ ಆ ಮೇಜನ್ನು ನೋಡಿದವರು, ಲೋಟ ಇಡಲು ತೂತು ಬೇಕಿದ್ದರೆ ಅಂಗಡಿಯಲ್ಲೇ ತೂತಿರುವುದನ್ನು ತರಬಹುದಿತ್ತಲ್ಲ ಎಂದು ಕೇಳುತ್ತಾರೆ. "ಅದೂ ನಿಜವೇ" ಅನ್ನುತ್ತಾನೆ ಮೆತ್ತಣ್ಣ.

ಸಂಜೆಯ ಹೊತ್ತಿಗೆ ಅಕ್ಕನ ಫೋನ್ ಬಂತು. ಅವಳ ದನಿ ನಮಗೆಲ್ಲ ಕೇಳುವಷ್ಟಿತ್ತು. ಗಂಡನ ಗಂಟಲಿನಿಂದ ಹೋದದ್ದು ಎಲ್ಲಿ ಸೇರಿತೆಂದು ಆವತ್ತು ತಿಳಿಯಿತು.

"ಇನ್ನೂ ಅಲ್ಲೇ ಇದ್ದಾರಾ? ಎದ್ದು ಹೋಗ್ಲಿಲ್ವಾ? ಏನಾದ್ರೂ ಮಾತಾಡಿದ್ರಾ?"

"ಅಕ್ಕ, ಮಧ್ಯಾಹ್ನದಿಂದ ಬಾಯಿ ಮುಚ್ಚಿಲ್ಲ" ಎಂದು ಮೆತ್ತಣ್ಣ ಫೋನನ್ನು ಮೇಜಿನ ತೂತಿನ ಪಕ್ಕ ಇಟ್ಟ.

ಅಕ್ಕ ನಿಲ್ಲಿಸಲಿಲ್ಲ. ಮಫ್ಲರು ತೆಗೀಬೇಡಿ, ಚಹಾ ಆರಿಸಿ ಕುಡೀರಿ, ಬರುವಾಗ ಡ್ರೈವರ್ ಜೊತೆ ಬನ್ನಿ, ಮುಂದಿನ ಭಾನುವಾರ ನೀಲಿ ಅಂಗಿ ಒಗೆದಿಡ್ತೀನಿ ಎಂದು ಹೇಳುತ್ತಲೇ ಹೋದಳು. ಭಾವ ಕೈಯಲ್ಲಿದ್ದ ಎಲೆಗಳಿಂದ ಕಣ್ಣು ತೆಗೆಯದೆ, ಫೋನಿನ ಪಕ್ಕ ಒಂದು ಸಲ ಕುಟ್ಟಿದರು. ಠಕ್.

ಅಕ್ಕ ನಿಲ್ಲಲಿಲ್ಲ. ಆ ಬಸ್ಸಿಗೆ ಮೊದಲಿನಿಂದಲೂ ಬ್ರೇಕ್ ಇಲ್ಲ. ಭಾವನ ಮಫ್ಲರಿನೊಳಗಿಂದ ಟ್ಯೂಬಿನ ಗಾಳಿ ಸೋರಿದಂಥ ಸದ್ದು ಸುಸ್ ಸುಸ್ ಎಂದು ಬಿಟ್ಟುಬಿಟ್ಟು ಬಂತು. ಅದು ನಗು ಎಂದು ನಮಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಯಾರೂ "ಆಂ?" ಅನ್ನಲಿಲ್ಲ.